ಇಂಗ್ಲಿಷ್ ಪಾಠವೂ ನಮ್ಮ ಅಲಂಕಾರಶಾಸ್ತ್ರವೂ

ಹತ್ತನೆಯ ತರಗತಿಯ ಪರೀಕ್ಷೆಗೆ ಇನ್ನು ಐದಾರು ವಾರಗಳಿವೆ ಎನ್ನುವ ಕಾಲಕ್ಕೆ ನಮ್ಮ ಪ್ರೌಢಶಾಲೆಗಳಲ್ಲಿ ಒಂದು ಬಗೆಯ ಜಪ ಆರಂಭವಾಗುತ್ತದೆ. ಸಿಮಿಲಿ, ಮೆಟಫರ್, ಪರ್ಸಾನಿಫಿಕೇಷನ್, ಅಲಿಟರೇಷನ್, ಐರನಿ: ಇವೇ ಆ ಜಪದ ಮಣಿಗಳು. ಉಪಾಧ್ಯಾಯರು ಹೆಸರು ಹೇಳುತ್ತಾರೆ. ಮಕ್ಕಳು ಲಕ್ಷಣವನ್ನು ಒಕ್ಕೊರಲಿನಿಂದ ಒಪ್ಪಿಸುತ್ತಾರೆ. ಒಂದು ಮಣಿ ಸರಿದು ಮತ್ತೊಂದು ಮಣಿ ಬರುತ್ತದೆ. ಜಪ ಮುಗಿದ ಮೇಲೆ ದೇವರು ಪ್ರತ್ಯಕ್ಷನಾದನೆ ಎಂದು ಯಾರೂ ಕೇಳುವುದಿಲ್ಲ.

ನಾನು ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುವವನು. ಈ ಜಪವನ್ನು ನಾನೂ ಅನೇಕ ವರ್ಷ ಮಾಡಿಸಿದ್ದೇನೆ. ಆದುದರಿಂದ ಇದು ಪರರ ನಿಂದೆಯಲ್ಲ. ಕಳೆದ ವರ್ಷ ಪೀಣ್ಯದ ಕಡೆಯ ಒಂದು ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಉಪಾಧ್ಯಾಯರಾಗಿರುವ ನನ್ನ ಮಿತ್ರರೊಬ್ಬರು, ಶನಿವಾರದ ಮಧ್ಯಾಹ್ನಗಳಲ್ಲಿ ಬಂದು ಮಕ್ಕಳಿಗೆ ಈ ಪಾರಿಭಾಷಿಕ ಶಬ್ದಗಳನ್ನು ಇನ್ನೊಮ್ಮೆ ತಿರುವಿಹಾಕಿಸಬೇಕೆಂದು ಕೇಳಿಕೊಂಡರು. ಒಪ್ಪಿಕೊಂಡು ಹೋದೆ. ಕಿಟಕಿಯ ಆಚೆ ಒಂದು ಸಣ್ಣ ಕಾರ್ಖಾನೆ. ಅದರ ಕಡೆಯುವ ಯಂತ್ರದ ಸದ್ದು ಪಾಠದ ಉದ್ದಕ್ಕೂ ಹಿಮ್ಮೇಳದಂತೆ ಕೇಳಿಸುತ್ತಿತ್ತು. ಗೋಡೆಯ ಮೇಲೆ ಇಪ್ಪತ್ತು ಶಬ್ದಗಳ ಪಟ್ಟಿ ಅಂಟಿಸಿತ್ತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹುಡುಗಿಯನ್ನು ಮೆಟಫರ್ ಎಂದರೇನೆಂದು ಕೇಳಿದೆ. ಒಂದು ಅಕ್ಷರವೂ ತಪ್ಪದಂತೆ ಇಂಗ್ಲಿಷಿನಲ್ಲಿ ಲಕ್ಷಣವನ್ನು ಹೇಳಿದಳು. ಉದಾಹರಣೆ ಕೇಳಿದೆ, ಗೈಡಿನಲ್ಲಿದ್ದ ಉದಾಹರಣೆಯನ್ನು ಕೊಟ್ಟಳು. ನೀನೇ ಒಂದನ್ನು ಹೇಳಮ್ಮ ಎಂದೆ. ಮೌನ.

ಆಗ ನಾನು ಹಲಗೆಯ ಮೇಲೆ ‘ರೂಪಕ’ ಎಂದು ಕನ್ನಡದಲ್ಲಿ ಬರೆದೆ. ಅದೇ ಹುಡುಗಿ ಕೂಡಲೇ, ಉಪಮೇಯ ಉಪಮಾನಗಳಲ್ಲಿ ಭೇದವಿಲ್ಲವೆಂದು ವರ್ಣಿಸಿದರೆ ಅದು ರೂಪಕಾಲಂಕಾರ ಎಂದು ಹೇಳಿಬಿಟ್ಟಳು. ಹಾಗಾದರೆ ಇದಕ್ಕೂ ಅದಕ್ಕೂ ಏನಾದರೂ ಸಂಬಂಧವುಂಟೆ ಎಂದು ತರಗತಿಯನ್ನೆಲ್ಲ ಕೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, ನನ್ನ ಅಜ್ಞಾನಕ್ಕೆ ಮರುಗಿದವನಂತೆ, “ಅದು ಕನ್ನಡ ಸಾರ್, ಇದು ಇಂಗ್ಲಿಷು” ಎಂದನು.

ಈ ದಿನ ನಾನು ಹೇಳಬೇಕೆಂದಿರುವುದೆಲ್ಲ ಆ ಹುಡುಗನ ಉತ್ತರಕ್ಕೆ ಒಂದು ವ್ಯಾಖ್ಯಾನ.

ನಮ್ಮ ರಾಜ್ಯದ ಹತ್ತನೆಯ ತರಗತಿಯ ಪ್ರಥಮಭಾಷಾ ಕನ್ನಡ ಪತ್ರಿಕೆಯಲ್ಲಿ ಅಲಂಕಾರದ ಪ್ರಶ್ನೆಯೊಂದಿರುವುದು ಕೇಳುಗರಲ್ಲಿ ಹಲವರಿಗೆ ನೆನಪಿರಬಹುದು. ಅಲ್ಲಿ ಅಲಂಕಾರದ ಹೆಸರನ್ನು ಬರೆದರೆ ಸಾಲದು, ಲಕ್ಷಣವನ್ನು ಬರೆದರೂ ಸಾಲದು, ‘ಸಮನ್ವಯ’ ಮಾಡಬೇಕು. ಎಂದರೆ, ಈ ವಾಕ್ಯದಲ್ಲಿ ಉಪಮೇಯ ಯಾವುದು, ಉಪಮಾನ ಯಾವುದು, ಉಪಮಾವಾಚಕವಾದ ಪದ ಯಾವುದು, ಎರಡಕ್ಕೂ ಸಮಾನವಾದ ಧರ್ಮ ಯಾವುದು ಎಂದು ಬಿಡಿಸಿ ತೋರಿಸಬೇಕು. ಇದು ಬಹಳ ಹಳೆಯ ಶಿಸ್ತು, ಬಹಳ ಒಳ್ಳೆಯ ಶಿಸ್ತು. ಇಂಗ್ಲಿಷ್ ವಿಮರ್ಶೆಯಲ್ಲಿ ರೂಪಕದ ಅಂಗಗಳಿಗೆ ನೆಲೆನಿಂತ ಹೆಸರುಗಳು ದೊರೆತದ್ದು ತೀರ ಈಚೆಗೆ. ಐ. ಎ. ರಿಚರ್ಡ್ಸರು 1936ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ‘ಟೆನರ್’ ಮತ್ತು ‘ವೆಹಿಕಲ್’ ಎಂಬ ಎರಡು ಹೆಸರುಗಳನ್ನು ಬಳಕೆಗೆ ತಂದರು. ಸ್ಥೂಲವಾಗಿ ಇವು ನಮ್ಮ ಉಪಮೇಯ, ಉಪಮಾನಗಳೇ. ನಮ್ಮಲ್ಲಿಯಾದರೋ 9ನೆಯ ಶತಮಾನದ ‘ಕವಿರಾಜಮಾರ್ಗ’, ದಂಡಿಯ ‘ಕಾವ್ಯಾದರ್ಶ’ವನ್ನು ಆಧಾರವಾಗಿಟ್ಟುಕೊಂಡು, ತನ್ನ ಎರಡನೆಯ ಪರಿಚ್ಛೇದವನ್ನು ಶಬ್ದಾಲಂಕಾರಗಳಿಗೂ ಮೂರನೆಯದನ್ನು ಅರ್ಥಾಲಂಕಾರಗಳಿಗೂ ಮೀಸಲಿಟ್ಟಿತು. ನಮಗೆ ದೊರೆತಿರುವ ಮೊದಲ ಕನ್ನಡ ಗ್ರಂಥವೇ ಒಂದು ಅಲಂಕಾರಗ್ರಂಥ. ಕನ್ನಡದ ಮಗುವಿಗೆ ಈ ವಿಷಯದಲ್ಲಿ ಪಿತ್ರಾರ್ಜಿತ ಆಸ್ತಿಯಿದೆ. ಆದರೆ ಇಂಗ್ಲಿಷ್ ಪಾಠದ ಗಂಟೆ ಹೊಡೆದೊಡನೆ ಅದು ಆ ಆಸ್ತಿಯನ್ನು ಹೊರಗಿಟ್ಟು ಬರಿಗೈಯಲ್ಲಿ ಒಳಕ್ಕೆ ಬರುತ್ತದೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಮುಖ, ಚಂದ್ರ, ಕಮಲ ಇವು ಪೀಣ್ಯದ ಮಕ್ಕಳಿಗೆ ಸವೆದ ನಾಣ್ಯಗಳು. ಅವರು ದಿನವೂ ನೋಡುವುದು ತುಮಕೂರು ರಸ್ತೆಯ ಮೇಲುಸೇತುವೆಯನ್ನು. ಅದನ್ನೇ ಹಲಗೆಯ ಮೇಲೆ ತಂದೆ. “ಮೇಲುಸೇತುವೆಯು ಹೆಬ್ಬಾವಿನಂತೆ ಉದ್ದಕ್ಕೆ ಮಲಗಿದೆ” ಎಂದರೆ ನಾಲ್ಕು ಅಂಗಗಳೂ ಇರುವ ಪೂರ್ಣೋಪಮೆ, ಇಂಗ್ಲಿಷಿನ ಸಿಮಿಲಿ. “ಮೇಲುಸೇತುವೆಯೆಂಬ ಹೆಬ್ಬಾವು ಸಂಜೆಯ ಗಾಡಿಗಳನ್ನೆಲ್ಲ ನುಂಗಿತು” ಎಂದರೆ ರೂಪಕ. ಅಲ್ಲಿ ‘ಅಂತೆ’ ಎಂಬುದು ಹೋಗಿ ಎರಡೂ ಒಂದೇ ಆದವು. “ನುಂಗಿದುದು ಅರಗದೆ ಹೋಯಿತೋ ಎಂಬಂತೆ ಮೇಲುಸೇತುವೆಯು ಅಲುಗದೆ ಬಿದ್ದುಕೊಂಡಿದೆ” ಎಂದರೆ ಉತ್ಪ್ರೇಕ್ಷೆ; ಇಲ್ಲದ ಕಾರಣವೊಂದನ್ನು ಕವಿ ಊಹಿಸಿ ಹೇಳುತ್ತಿದ್ದಾನೆ. ಇನ್ನು ಸೇತುವೆಯ ಹೆಸರನ್ನೇ ಎತ್ತದೆ, ಅದರ ಕಡೆಗೆ ಬೆರಳು ತೋರಿಸಿ, “ಆರು ಗಂಟೆಯಾಯಿತು, ಹೆಬ್ಬಾವು ಬಾಯಿ ತೆರೆಯಿತು” ಎಂದರೆ, ಉಪಮಾನವು ಉಪಮೇಯವನ್ನೇ ನುಂಗಿಬಿಟ್ಟಿದೆ. ಇದನ್ನು ನಮ್ಮವರು ರೂಪಕಾತಿಶಯೋಕ್ತಿ ಎಂದರು.

ಇಲ್ಲಿಗೆ ಬಂದಾಗ ಮಕ್ಕಳಿಗೆ ಒಂದು ಸಂಗತಿ ತಾನಾಗಿ ಹೊಳೆಯಿತು. ಕನ್ನಡದಲ್ಲಿ ನಾಲ್ಕು ಹೆಸರುಗಳಿರುವ ಕಡೆ ಇಂಗ್ಲಿಷಿನಲ್ಲಿ ಎರಡೇ ಇವೆ. ಕೊನೆಯ ವಾಕ್ಯವನ್ನೂ ಇಂಗ್ಲಿಷಿನವರು ಮೆಟಫರ್ ಎಂದೇ ಕರೆಯುತ್ತಾರೆ. ಉತ್ಪ್ರೇಕ್ಷೆಗಂತೂ ಅವರಲ್ಲಿ ಪ್ರತ್ಯೇಕವಾದ ಹೆಸರೇ ಇಲ್ಲ. ‘ಆಸ್ ಇಫ್’ ಎಂಬ ಪದಗಳು ಕಂಡರೆ ಸಿಮಿಲಿಯ ಬುಟ್ಟಿಗೆ ಹಾಕುತ್ತಾರೆ. ಹಾಗೆಂದು ಅವರ ಶಾಸ್ತ್ರ ಬಡವೆಂದು ಹೇಳುವಂತಿಲ್ಲ. ಅವರು ವಿಷಯವನ್ನು ಬೇರೆ ಕಡೆಯಿಂದ ಹಿಡಿದರು, ಅಷ್ಟೆ. ಗ್ರೀಕ್ ಭಾಷೆಯಲ್ಲಿ ‘ಮೆಟಫೊರಾ’ ಎಂದರೆ ಒಂದು ಕಡೆಯಿಂದ ಮತ್ತೊಂದು ಕಡೆಗೆ ಹೊತ್ತುಕೊಂಡು ಹೋಗುವುದು. ಅರಿಸ್ಟಾಟಲನಿಗೆ ಮೆಟಫರೇ ಮೂಲ. ಸಿಮಿಲಿಯು ಅದನ್ನೇ ಸ್ವಲ್ಪ ಉದ್ದವಾಗಿ ಹೇಳಿದ್ದು. ನಮ್ಮವರಿಗೆ ಉಪಮೆಯೇ ತಾಯಿ. ಅಪ್ಪಯ್ಯದೀಕ್ಷಿತನು ಅದನ್ನು ನಾನಾ ವೇಷಗಳನ್ನು ಧರಿಸಿ ಬರುವ ನಟಿಗೆ ಹೋಲಿಸಿದ್ದಾನೆ. ಮನೆ ಒಂದೇ, ಅವರು ಹಿತ್ತಲ ಬಾಗಿಲಿನಿಂದ ಬಂದರು, ನಾವು ಮುಂಬಾಗಿಲಿನಿಂದ ಬಂದೆವು. ಅಥವಾ ತದ್ವಿರುದ್ಧವಾಗಿ, ಈ ವಿಷಯದಲ್ಲಿ ನನಗೆ ಹಠವಿಲ್ಲ.

ಆದುದರಿಂದ ಒಂದು ಎಚ್ಚರಿಕೆಯನ್ನು ಹೇಳಬೇಕು. ಕನ್ನಡದ ಹೆಸರಿಗೂ ಇಂಗ್ಲಿಷಿನ ಹೆಸರಿಗೂ ನಡುವೆ ಸಮಚಿಹ್ನೆಯನ್ನು ಎಳೆದು, ಎರಡು ಸಾಲಿನ ಪಟ್ಟಿಯೊಂದನ್ನು ಮಾಡಿ ಗೋಡೆಗೆ ಅಂಟಿಸಿದರೆ ಹಳೆಯ ಜಪಕ್ಕೆ ಹೊಸ ಮಣಿಗಳನ್ನು ಪೋಣಿಸಿದಂತಾಯಿತೇ ಹೊರತು ಬೇರೇನೂ ಆಗಲಿಲ್ಲ. ಹೈಪರ್ಬೊಲಿಯನ್ನು ಅತಿಶಯೋಕ್ತಿ ಎನ್ನುವುದು ರೂಢಿ. ಆದರೆ ನಮ್ಮ ಅತಿಶಯೋಕ್ತಿಯ ವ್ಯಾಪ್ತಿ ಬರಿಯ ಉಬ್ಬಿಸಿ ಹೇಳುವುದಕ್ಕಿಂತ ಹೆಚ್ಚಿನದು, ಈಗ ನೋಡಿದ ಹೆಬ್ಬಾವೂ ಅದರ ಹೊಟ್ಟೆಯೊಳಗೇ ಇದೆ. ಪರ್ಸಾನಿಫಿಕೇಷನ್ನಿಗೆ ಹಳೆಯ ಶಾಸ್ತ್ರದಲ್ಲಿ ನೇರವಾದ ಒಂದು ಹೆಸರಿಲ್ಲ. ಒಂದು ವಸ್ತುವಿನ ಧರ್ಮವನ್ನು ಮತ್ತೊಂದರ ಮೇಲೆ ಇಡುವುದನ್ನು ದಂಡಿಯು ‘ಸಮಾಧಿ’ ಎಂಬ ಕಾವ್ಯಗುಣವೆಂದು ಕರೆದು, ಹೂವುಗಳು ಕಣ್ಣು ಮುಚ್ಚುವುದನ್ನೂ ತೆರೆಯುವುದನ್ನೂ ನಿದರ್ಶನವಾಗಿ ಕೊಡುತ್ತಾನೆ. ಅಲಂಕಾರದ ಅಧ್ಯಾಯದಲ್ಲಿ ಹುಡುಕಿದವನಿಗೆ ಅದು ಗುಣದ ಅಧ್ಯಾಯದಲ್ಲಿ ಸಿಕ್ಕೀತು. ಈಗಿನ ಪಾಠಗಳಲ್ಲಿ ‘ಟೋನ್’ ಎಂಬುದನ್ನು ‘ಧ್ವನಿ’ ಎಂದು ಅನುವಾದಿಸುತ್ತಾರೆ. ಆನಂದವರ್ಧನನ ಧ್ವನಿಯೇ ಬೇರೆ, ಅದು ವಾಚ್ಯಾರ್ಥವನ್ನು ಮೀರಿ ಹೊಳೆಯುವ ಅರ್ಥ. ಒಂದೇ ಮಾತಿಗೆ ಎರಡು ಅರ್ಥಗಳು ಅಂಟಿಕೊಂಡು ಮಕ್ಕಳು ಎರಡನ್ನೂ ಕಳೆದುಕೊಳ್ಳುತ್ತಾರೆ.

ಇಂಥ ಗೊಂದಲಗಳಲ್ಲೆಲ್ಲ ದೊಡ್ಡದು ‘ರೈಮ್’ ಮತ್ತು ‘ಪ್ರಾಸ’ಗಳದು. ಇಂಗ್ಲಿಷಿನ ರೈಮು ಸಾಮಾನ್ಯವಾಗಿ ಸಾಲಿನ ಕೊನೆಯಲ್ಲಿರುವುದು. ಹಳಗನ್ನಡ, ನಡುಗನ್ನಡಗಳ ಪದ್ಯದಲ್ಲಿ ಕಡ್ಡಾಯವಾಗಿದ್ದ ಪ್ರಾಸವಾದರೋ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನವು ಬರುವುದು. ಇಂಗ್ಲಿಷ್ ಕವಿಗೆ ಸಾಲು ಮುಗಿಯುವಾಗ ಚಿಂತೆ. ನಮ್ಮ ಕವಿಗೆ ಸಾಲು ಆರಂಭವಾಗುವಾಗಲೇ ಚಿಂತೆ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಈ ಎರಡನೆಯ ಅಕ್ಷರದ ಕಟ್ಟನ್ನು ಬೇಕೆಂದೇ ಬಿಟ್ಟು ಕವಿತೆ ಬರೆದರು. ಆ ಕಾಲಕ್ಕೆ ಅದೊಂದು ಸಾಹಸವೇ ಸರಿ. ಈಗಿನ ಮಕ್ಕಳು ಕಲಿಯುವ ಹೊಸಗನ್ನಡ ಕವಿತೆಗಳಲ್ಲಿ ಆದಿಪ್ರಾಸವು ಅಪೂರ್ವವಾಗಿ, ಅಂತ್ಯಪ್ರಾಸವೇ ಬಹಳವಾಗಿ ಕಾಣುವುದಕ್ಕೆ ಹಿನ್ನೆಲೆಯಾಗಿ ಇಂಗ್ಲಿಷ್ ಕಾವ್ಯದ ಪರಿಚಯವೂ ಇದೆ. ಈ ಚರಿತ್ರೆಯನ್ನು ಹತ್ತು ನಿಮಿಷಗಳಲ್ಲಿ ಹೇಳಬಹುದು. ಹೇಳಿದರೆ ‘ರೈಮ್ ಸ್ಕೀಮ್’ ಎಂಬ ಒಣ ಪ್ರಶ್ನೆಗೆ ಸ್ವಲ್ಪ ರಕ್ತಮಾಂಸ ಬರುತ್ತದೆ.

ಛಂದಸ್ಸಿನಲ್ಲಿ ಮಕ್ಕಳು ಮಾಡುವ ತಪ್ಪು ಇನ್ನೂ ಕುತೂಹಲಕರವಾದುದು, ಏಕೆಂದರೆ ಅದು ಬುದ್ಧಿವಂತರು ಮಾಡುವ ತಪ್ಪು. ಕನ್ನಡದಲ್ಲಿ ಪ್ರಸ್ತಾರ ಹಾಕಿ ಲಘು ಗುರುಗಳನ್ನು ಗುರುತಿಸುವುದನ್ನು ಕಲಿತ ಹುಡುಗ ಅದೇ ಅಳತೆಗೋಲನ್ನು ಇಂಗ್ಲಿಷ್ ಸಾಲಿನ ಮೇಲೆ ಇಡುತ್ತಾನೆ. ‘ಬಟರ್‌ಫ್ಲೈ’ ಎಂಬ ಮಾತನ್ನು ನೋಡಿ. ನಮ್ಮ ನಿಯಮದಂತೆ ‘ಬ’ ಲಘು, ಉಳಿದೆರಡೂ ಗುರು. ಆದರೆ ಇಂಗ್ಲಿಷಿನವನ ಉಚ್ಚಾರಣೆಯ ಪೆಟ್ಟು ಬೀಳುವುದು ಆ ‘ಬ’ದ ಮೇಲೆಯೇ. ನಮ್ಮದು ಕಾಲದ ಅಳತೆ. ಅವರದು ಒತ್ತಿನ ಅಳತೆ. ಒತ್ತು ಬದಲಾದರೆ ಅರ್ಥವೇ ಬದಲಾಗುವುದೂ ಉಂಟು. ‘ಪ್ರೆಸೆಂಟ್’ ಎಂಬ ಮಾತಿನಲ್ಲಿ ಒತ್ತು ಮೊದಲಿಗೆ ಬಿದ್ದರೆ ಉಡುಗೊರೆ, ಕೊನೆಗೆ ಬಿದ್ದರೆ ಅರ್ಪಿಸುವುದು. ಈ ವ್ಯತ್ಯಾಸವನ್ನು ಕಿವಿಯಲ್ಲಿ ತುಂಬಿಕೊಂಡು ಅದಕ್ಕೆ ಕನ್ನಡದಲ್ಲಿ ದಾರಿ ಮಾಡಿದವರು ಬಿ. ಎಂ. ಶ್ರೀಕಂಠಯ್ಯನವರು. ಅವರು ಇಂಗ್ಲಿಷಿನ ಅಧ್ಯಾಪಕರು. ‘ಇಂಗ್ಲಿಷ್ ಗೀತಗಳು’ ಎಂಬ ಸಂಗ್ರಹದಲ್ಲಿ ಅವರು ಒತ್ತಿನ ನಡಿಗೆಯನ್ನು ಹಾಗೆಯೇ ಎತ್ತಿ ತರಲು ಹೋಗದೆ, ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನು ಹೊಸದಾಗಿ ಜೋಡಿಸಿ, ಕನ್ನಡದ ಕಿವಿಗೆ ಒಗ್ಗುವ ಕುಣಿತವನ್ನು ಕಟ್ಟಿದರು. ಲಘು ಗುರು ಬಲ್ಲ ಹುಡುಗನಿಗೆ ‘ನಿನ್ನ ಲೆಕ್ಕ ತಪ್ಪು’ ಎನ್ನುವ ಮೊದಲು ‘ನಿನ್ನ ತಕ್ಕಡಿ ಬೇರೆ’ ಎಂದು ಹೇಳಬೇಕು.

ಅನುಕರಣ ಶಬ್ದಗಳ ಪಾಠದ ದಿನ ನನಗೆ ನಿಜವಾದ ಸಂತೋಷವಾಯಿತು. ಗೋಡೆಯ ಪಟ್ಟಿಯಲ್ಲಿ ‘ಒನೊಮಾಟೊಪಿಯ’ ಎಂಬ ನಾಲಗೆ ತೊಡರಿಸುವ ಹೆಸರಿತ್ತು. ಗ್ರೀಕಿನಲ್ಲಿ ಅದಕ್ಕೆ ‘ಹೆಸರು ಮಾಡುವುದು’ ಎಂದರ್ಥ. ಗೈಡಿನಲ್ಲಿದ್ದ ಇಂಗ್ಲಿಷ್ ಉದಾಹರಣೆಗಳು ಐದು. ನಾನು ಕಿಟಕಿಯ ಕಡೆ ಕೈ ತೋರಿಸಿ, ಆ ಯಂತ್ರ ಏನೆನ್ನುತ್ತಿದೆ ಎಂದು ಕೇಳಿದೆ. ಗರಗರ, ಕಟಕಟ, ಕಿರ್ರೋ ಎಂದು ಶುರುವಾಯಿತು. ಅಲ್ಲಿಂದ ಮಳೆಗೆ ಹೋದರು: ಪಟಪಟ, ಜಿಟಿಜಿಟಿ, ಧೋ. ಆಮೇಲೆ ಒಬ್ಬನು ‘ಥಳಥಳ’ ಎಂದನು, ಇನ್ನೊಬ್ಬಳು ‘ಘಮಘಮ’ ಎಂದಳು. ನಾನು ತಡೆದೆ. ಹೊಳಪಿಗೆ ಸದ್ದುಂಟೆ? ಪರಿಮಳಕ್ಕೆ ಸದ್ದುಂಟೆ? ಕನ್ನಡವು ಕಿವಿಗೆ ಬಿದ್ದುದನ್ನು ಮಾತ್ರವಲ್ಲದೆ, ಕಣ್ಣಿಗೆ ಕಂಡುದನ್ನೂ ಮೂಗಿಗೆ ಬಂದುದನ್ನೂ ಮೈಗೆ ತಾಗಿದುದನ್ನೂ ಶಬ್ದದಲ್ಲಿ ಅನುಕರಿಸುತ್ತದೆ. ಗ್ರೀಕಿನ ಆ ಹೆಸರಿನಲ್ಲಿ ಇವಕ್ಕೆ ಸ್ಥಳವಿಲ್ಲ. ಭಾಷಾಶಾಸ್ತ್ರಜ್ಞರಾದ ಎಮೆನೋ ಅವರು 1969ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ಇಂಥ ಶಬ್ದಗಳ ಸಮೃದ್ಧಿಯು ದ್ರಾವಿಡ, ಆರ್ಯ ಎಂಬ ಕುಲಭೇದವನ್ನು ಮೀರಿ ಭರತಖಂಡದ ಭಾಷೆಗಳಿಗೆ ಸಾಮಾನ್ಯವಾದ ಲಕ್ಷಣವೆಂದು ತೋರಿಸಿದರು. ತರಗತಿಯಲ್ಲಿ ತೆಲುಗು, ತಮಿಳು, ಹಿಂದಿ ಮನೆಮಾತಿನ ಮಕ್ಕಳೂ ಇದ್ದರು. ಅವರವರ ಮನೆಯ ಶಬ್ದಗಳೂ ಹಲಗೆಗೆ ಬಂದವು. ಹಲಗೆ ತುಂಬಿದರೂ ಮಕ್ಕಳು ನಿಲ್ಲಿಸಲಿಲ್ಲ. ಆ ದಿನ ಯಂತ್ರದ ಸದ್ದಿನ ಬಗ್ಗೆ ಯಾರೂ ದೂರಲಿಲ್ಲ.

ಐರನಿಯ ವಿಷಯವನ್ನು ಬೇಗ ಮುಗಿಸುತ್ತೇನೆ. ಮಕ್ಕಳಿಗೆ ಅತ್ಯಂತ ಕಷ್ಟವೆಂದು ಉಪಾಧ್ಯಾಯರು ಹೇಳುವ ‘ಡ್ರಮಾಟಿಕ್ ಐರನಿ’ ನಮ್ಮ ಮಕ್ಕಳಿಗೆ ಅತ್ಯಂತ ಸುಲಭವಾದುದು. ಕರ್ಣನು ಕುಂತಿಯ ಮಗನೆಂದು ನೋಡುವವರಿಗೆಲ್ಲ ಗೊತ್ತು, ಅರ್ಜುನನಿಗೆ ಗೊತ್ತಿಲ್ಲ. ಇಷ್ಟು ಹೇಳಿದರೆ ಸಾಕು. ಸಾಫೊಕ್ಲೀಸನ ಈಡಿಪಸ್ ಆಮೇಲೆ ಬರಲಿ. ಹೊಗಳಿಕೆಯ ವೇಷದ ತೆಗಳಿಕೆಯಾದ ವ್ಯಾಜಸ್ತುತಿಯು ಮಾತಿನ ಐರನಿಗೆ ಹತ್ತಿರದ ನೆಂಟ. ಎಲ್ಲ ಐರನಿಯೂ ವ್ಯಾಜಸ್ತುತಿಯಲ್ಲ ಎಂಬುದನ್ನು ನೆನಪಿಟ್ಟರಾಯಿತು.

ನಗರದ ಮತ್ತೊಂದು ತುದಿಯ ಮಾತನ್ನೂ ಹೇಳದಿದ್ದರೆ ಚಿತ್ರ ಅಪೂರ್ಣವಾಗುತ್ತದೆ. ವೈಟ್‌ಫೀಲ್ಡಿನಲ್ಲಿ ನನ್ನ ಬಂಧುಗಳೊಬ್ಬರ ಮನೆಯಲ್ಲಿ ಅವರ ಮಗನಿಗೂ ಅವನ ಮೂವರು ಗೆಳೆಯರಿಗೂ ಇದೇ ಶಬ್ದಗಳನ್ನು ಒಂದು ಭಾನುವಾರ ತಿರುವಿಹಾಕಿಸಿದೆ. ಆ ಊರು ಇಂಗ್ಲಿಷಿಗೆ ಹೊಸದಲ್ಲ. 1882ರಲ್ಲಿ ಚಾಮರಾಜ ಒಡೆಯರ ಕಾಲದಲ್ಲಿ ಯೂರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಜನರ ವಸತಿಗಾಗಿ ಭೂಮಿ ದೊರೆತು, ಡಿ. ಎಸ್. ವೈಟ್ ಎಂಬವರ ಹೆಸರನ್ನು ಪಡೆದು ಹುಟ್ಟಿದ್ದು. ಅಲ್ಲಿ ಕುಳಿತ ಆ ಹುಡುಗರು ಮೆಟಫರನ್ನು ಸರಾಗವಾಗಿ ಗುರುತಿಸಿದರು. ‘ಉಪಮೆ’ ಎಂಬ ಮಾತನ್ನು ಮಾತ್ರ ಅವರಲ್ಲಿ ಯಾರೂ ಕೇಳಿರಲಿಲ್ಲ. ಒಬ್ಬನು, ನಮ್ಮ ಭಾಷೆಗಳಲ್ಲಿ ಇದಕ್ಕೆಲ್ಲ ಹೆಸರುಗಳಿವೆಯೇ ಎಂದು ಪ್ರಾಮಾಣಿಕವಾಗಿಯೇ ಆಶ್ಚರ್ಯಪಟ್ಟನು. ಪೀಣ್ಯದ ಹುಡುಗನಿಗೆ ಎರಡು ಪೆಟ್ಟಿಗೆಗಳಿವೆ, ನಡುವೆ ಬಾಗಿಲಿಲ್ಲ. ಇವನಿಗೆ ಒಂದೇ ಪೆಟ್ಟಿಗೆ. ಯಾರ ನಷ್ಟ ಹೆಚ್ಚಿನದೆಂದು ನಾನು ಇನ್ನೂ ತೀರ್ಮಾನಿಸಿಲ್ಲ.

ಆ ಹುಡುಗನ ತಂದೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸದಲ್ಲಿದ್ದರು. ಅವರು ನಕ್ಕು, ಮೆಟಫರು ಕವಿಗಳಿಗೆ, ನಮಗೇಕೆ ಎಂದರು. ನಾನು ಅವರ ಮೇಜಿನ ಕಡೆ ನೋಡಿದೆ. ಅಲ್ಲಿ ‘ಇಲಿ’ ಇತ್ತು, ಪರದೆಯ ಮೇಲೆ ‘ಕಿಟಕಿ’ ತೆರೆದಿತ್ತು, ಅವರ ಕಡತಗಳು ‘ಮೋಡ’ದಲ್ಲಿದ್ದವು, ಅವರು ಹೆದರುತ್ತಿದ್ದುದು ‘ವೈರಸ್ಸಿ’ಗೆ, ಇದೆಲ್ಲವನ್ನೂ ಹೆಣೆದಿದ್ದುದು ‘ಜಾಲ’. ಮೌಸ್, ವಿಂಡೋ, ಕ್ಲೌಡ್ ಎಂಬ ಮಾತುಗಳು ಬಳಕೆಯಿಂದ ಸವೆದು ಮೆಟಫರೆಂದು ತೋರದ ಮೆಟಫರುಗಳು. ನೀವು ಕೇಳುತ್ತಿರುವ ‘ಆಕಾಶವಾಣಿ’ಯೂ ಅಂಥದೇ. ಪುರಾಣದ ಅಶರೀರವಾಣಿಗೆ ಸಲ್ಲುತ್ತಿದ್ದ ಆ ಹೆಸರು, 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ಬಾನುಲಿ ಕೇಂದ್ರಕ್ಕೆ ಬಂದು, ಮುಂದೆ ದೇಶಕ್ಕೆಲ್ಲ ಹರಡಿತು. ಈಗ ಆ ಹೆಸರನ್ನು ಕೇಳಿ ಯಾರೂ ಆಕಾಶವನ್ನು ನೋಡುವುದಿಲ್ಲ.

ಎಲೆಕ್ಟ್ರಾನಿಕ್ ಸಿಟಿಯಿಂದ ಬೇಗೂರು ಕೆಲವೇ ಮೈಲಿ. ಅಲ್ಲಿಯ ನಾಗೇಶ್ವರ ದೇವಾಲಯದಲ್ಲಿ ಕ್ರಿ.ಶ. 900ರ ಹೊತ್ತಿನ ಒಂದು ವೀರಗಲ್ಲಿದೆ. ‘ಬೆಂಗಳೂರು’ ಎಂಬ ಹೆಸರು ಅದರಲ್ಲಿ ಕಾಣುತ್ತದೆ. ‘ಕವಿರಾಜಮಾರ್ಗ’ ಹುಟ್ಟಿ ಆಗ್ಗೆ ಹೆಚ್ಚೆಂದರೆ ಎರಡು ತಲೆಮಾರು ಕಳೆದಿರಬೇಕು. ಈ ಊರಿನ ಹೆಸರೂ ನಮ್ಮ ಅಲಂಕಾರಗಳ ಹೆಸರುಗಳೂ ಕನ್ನಡದ ಬರವಣಿಗೆಯಲ್ಲಿ ಸರಿಸುಮಾರು ಓರಗೆಯವು ಎಂದು ನಾನು ಮಕ್ಕಳಿಗೆ ಹೇಳಿದಾಗ, ಹಿಂದಿನ ಬೆಂಚಿನ ಹುಡುಗ ಅದು ಪರೀಕ್ಷೆಗೆ ಬರುತ್ತದೆಯೆ ಎಂದು ಕೇಳಿದನು. ಬರುವುದಿಲ್ಲ ಎಂದೆ. ಬರೆದುಕೊಂಡನು.

ಇನ್ನು ಆ ಮೊದಲ ಹುಡುಗಿ. ಅವಳ ತಾಯಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆಯ ಕೆಲಸ ಮಾಡುವವರು. ಮೂರನೆಯ ಶನಿವಾರ, ಪುಸ್ತಕದ್ದು ಬೇಡ, ಮನೆಯಲ್ಲಿ ಕೇಳಿದ ಮಾತೊಂದನ್ನು ತನ್ನಿ ಎಂದು ಎಲ್ಲರಿಗೂ ಹೇಳಿದ್ದೆ. ಅವಳು ಬಹಳ ಹೊತ್ತು ಕೈಯೆತ್ತಲಿಲ್ಲ. ಕೊನೆಗೆ ಎದ್ದು ನಿಂತು, ಇದು ಸರಿಯೋ ತಪ್ಪೋ ಗೊತ್ತಿಲ್ಲ ಸಾರ್ ಎಂದು ಸಂಕೋಚದಿಂದ ಹೇಳಿದಳು: “ನಮ್ಮಮ್ಮ ರಾತ್ರಿ ಬಂದು, ನನ್ನ ಬೆನ್ನು ಹಳೇ ಮಿಷನ್ನು ಕಣೇ, ಎಣ್ಣೆ ಕೇಳ್ತದೆ ಅಂತಾರೆ.” ತರಗತಿಯಲ್ಲಿ ಇಬ್ಬರು ಮೂವರು ನಕ್ಕರು. ನಾನು ಆ ವಾಕ್ಯವನ್ನು ಹಲಗೆಯ ಮೇಲೆ ಬರೆದು, ಸಮನ್ವಯ ಮಾಡು ಎಂದೆ.

ಉಪಮೇಯ ಬೆನ್ನು, ಉಪಮಾನ ಹಳೆಯ ಯಂತ್ರ ಎಂದಳು. ‘ಅಂತೆ’ ಇಲ್ಲ, ಆದುದರಿಂದ ರೂಪಕ ಎಂದಳು. ಸಮಾನಧರ್ಮವೇನು ಎಂದು ಕೇಳಿದೆ. ದಿನವೆಲ್ಲ ಓಡುವುದು ಎಂದು ಒಬ್ಬ, ಸವೆಯುವುದು ಎಂದು ಇನ್ನೊಬ್ಬ. ನಕ್ಕವರೂ ಈಗ ಯೋಚಿಸುತ್ತಿದ್ದರು. ಹುಡುಗಿ ಸ್ವಲ್ಪ ತಡೆದು, “ಎರಡೂ ನೋಯ್ತದೆ ಅಂತ ಹೇಳಕ್ಕಾಗಲ್ಲ ಸಾರ್, ಸದ್ದು ಮಾಡ್ತವೆ ಅಷ್ಟೆ” ಎಂದಳು. ಆಮೇಲೆ ಯಾರೂ ಹೇಳಿಕೊಡದೆ, ಆ ವಾಕ್ಯವನ್ನು ತನ್ನ ನೋಟುಪುಸ್ತಕದಲ್ಲಿ ಇಂಗ್ಲಿಷಿಗೆ ತಿರುಗಿಸಿ, ಗೈಡಿನ ಉದಾಹರಣೆಯನ್ನು ಹೊಡೆದುಹಾಕಿ, ಅದರ ಪಕ್ಕದಲ್ಲಿ ಬರೆದುಕೊಂಡಳು. ಅದರಲ್ಲಿ ವ್ಯಾಕರಣದ ಒಂದು ತಪ್ಪಿತ್ತು. ಅದನ್ನು ಮುಂದಿನ ಶನಿವಾರ ತಿದ್ದಿದೆವು.